18 ದಾಟಿದವರಿಗೆ ಹುಬ್ಬಳ್ಳಿಯಲ್ಲಿ ಒಂದು ಡೇ ಸೆಂಟರ್: ಹೇಗಿದೆ, ಎಲ್ಲಿ ಕಡಿಮೆ ಬೀಳುತ್ತೆ

ನನ್ನ ತಮ್ಮನಿಗೆ ಡೌನ್ ಸಿಂಡ್ರೋಮ್ ಇದೆ, ಅಂದರೆ ಹುಟ್ಟಿನಿಂದಲೇ ಬುದ್ಧಿಯ ಬೆಳವಣಿಗೆ ನಿಧಾನ. ಈಗ ಮೂವತ್ತರ ಹತ್ತಿರ ಬಂದಿದ್ದಾನೆ. ಅವನು ಹೋಗುವ ಡೇ ಸೆಂಟರ್ ಬಗ್ಗೆ ಬರೆಯುತ್ತಿದ್ದೇನೆ, ಆದರೆ ಹೆಸರು ಹಾಕುವುದಿಲ್ಲ. ಯಾಕಂದ್ರೆ ಹೊಗಳುವುದರ ಜೊತೆ ದೂರುವುದೂ ಸಾಕಷ್ಟಿದೆ, ಆ ದೂರು ಹೋಗಿ ಬೀಳುವುದು ಸೆಂಟರ್ ನಡೆಸುವ ಟ್ರಸ್ಟಿನ ದೊಡ್ಡವರ ಮೇಲಲ್ಲ, ಕಡಿಮೆ ಸಂಬಳಕ್ಕೆ ದಿನವಿಡೀ ದುಡಿಯುವ ಟೀಚರ್‌ಗಳ ಮೇಲೆ. ಹುಬ್ಬಳ್ಳಿ-ಧಾರವಾಡದಲ್ಲಿ ಇಂಥ ಜಾಗ ಹುಡುಕುತ್ತಿರುವ ಮನೆಯವರಿಗೆ ಹೆಸರಿಗಿಂತ ಏನು ನೋಡಬೇಕು ಅನ್ನೋದೇ ಜಾಸ್ತಿ ಉಪಯೋಗಕ್ಕೆ ಬರುತ್ತೆ.

ಗೊತ್ತಿಲ್ಲದವರಿಗೆ ಮೊದಲು ಒಂದು ವಿಷಯ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣದ ಹಕ್ಕು ಇರುವುದು 6ರಿಂದ 18 ವರ್ಷದವರೆಗೆ. ವಿಶೇಷ ಶಾಲೆಗಳೂ ಹೆಚ್ಚು ಕಡಿಮೆ ಆ ಲೆಕ್ಕದಲ್ಲೇ ನಡೆಯುತ್ತವೆ. 18 ಆಯ್ತು, ಶಾಲೆ ಮುಗೀತು. ಮುಂದೇನು ಅಂತ ಕೇಳಿದರೆ "ಮನ್ಯಾಗ ಏನರ ಕೆಲಸ ಹಚ್ರಿ" ಅನ್ನುತ್ತಾರೆ. ನಮ್ಮನೆಯಲ್ಲಿ ಹಚ್ಚಿದ ಕೆಲಸ ಅಂದ್ರೆ ಟಿವಿ ನೋಡೋದು. ಮೈ ಬಂತು, ಮಾತು ಕಡಿಮೆ ಆಯ್ತು, ಶಾಲೆಯಲ್ಲಿ ತಾನೇ ಗುಂಡಿ ಹಾಕಿಕೊಳ್ಳುತ್ತಿದ್ದವನು ಅವ್ವನ ಮುಂದೆ ಬಂದು ನಿಲ್ಲೋಕೆ ಶುರು ಮಾಡಿದ. ಅವ್ವನಿಗೂ ವಯಸ್ಸಾಗುತ್ತಿದೆ, ಮೊಣಕಾಲು ನೋವು. ಇಬ್ಬರೂ ಒಂದೇ ಕೋಣೆಯಲ್ಲಿ ವರ್ಷಗಟ್ಟಲೆ ಮುಖ ನೋಡಿಕೊಂಡು ಕೂತರೆ ಇಬ್ಬರಿಗೂ ಬೇಸರ ಅಲ್ವಾ?

ಸೆಂಟರಿನಲ್ಲಿ ನನಗೆ ಮೊದಲು ಹಿಡಿಸಿದ್ದು ಅಲ್ಲಿನ ಕೆಲಸ. ಸುಮ್ನೆ ಹೊತ್ತು ಕಳೆಯೋಕೆ ಮಣಿ ಪೋಣಿಸೋದಲ್ಲ. ಹತ್ತಿರದ ಮಹಿಳಾ ಸಂಘದವರು ಖಡಕ್ ರೊಟ್ಟಿ ಬಡಿದು ಕೊಡುತ್ತಾರೆ, ಇವರು ಪ್ಯಾಕ್ ಮಾಡುತ್ತಾರೆ. ಜೊತೆಗೆ ಶೇಂಗಾ ಚಟ್ನಿಪುಡಿ. ನನ್ನ ತಮ್ಮನಿಗೆ ಹತ್ತರವರೆಗೆ ಎಣಿಸಲು ಈಗಲೂ ಬರುವುದಿಲ್ಲ, ಐದು ಆದ ಮೇಲೆ ಎಂಟಕ್ಕೆ ಹಾರುತ್ತಾನೆ. ಆದರೂ ಅವನ ಪಾಕೀಟಿನಲ್ಲಿ ಹತ್ತೇ ರೊಟ್ಟಿ ಇರುತ್ತವೆ. ಹೇಗೆ ಅಂದರೆ, ಎಡಗಡೆ ಬಟ್ಟಲಲ್ಲಿ ಹತ್ತು ಹುಣಸೆ ಬೀಜ ಇಟ್ಟಿರುತ್ತಾರೆ. ಒಂದು ರೊಟ್ಟಿ ಇಟ್ಟರೆ ಒಂದು ಬೀಜ ಬಲಗಡೆ ಬಟ್ಟಲಿಗೆ. ಎಡಗಡೆ ಖಾಲಿ ಆಯ್ತು ಅಂದರೆ ಪಾಕೀಟು ಮುಚ್ಚು. ಚಟ್ನಿಪುಡಿ ತೂಗುವ ತಕ್ಕಡಿಗೆ ಹಸಿರು ಸ್ಟಿಕ್ಕರ್ ಹಚ್ಚಿದ್ದಾರೆ, ಮುಳ್ಳು ಹಸಿರಿಗೆ ಬಂದರೆ ಸಾಕು. ಒಂದು ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ಯಾರಿಗೆ ಯಾವ ತುಂಡು ಒಗ್ಗುತ್ತೋ ಅದನ್ನು ಅವರಿಗೆ ಕೊಡುತ್ತಾರೆ. ಒಬ್ಬರು ಬರೀ ಲೇಬಲ್ ಅಂಟಿಸುತ್ತಾರೆ. ಆದರೆ ಎಂಥಾ ಅಚ್ಚುಕಟ್ಟು! ಒಂದು ಲೇಬಲ್ಲೂ ಸೊಟ್ಟ ಇರುವುದಿಲ್ಲ, ಅಂಗಡಿಯಲ್ಲಿ ಸಂಬಳ ತಗೊಂಡು ಅಂಟಿಸುವವರು ನೋಡಿ ಕಲಿಯಬೇಕು.

ಆ ಲೇಬಲ್ ಮೇಲೆ ಮಾತ್ರ "ವಿಶೇಷ ಮಕ್ಕಳು ತಯಾರಿಸಿದ್ದು" ಅಂತ ಇದೆ. ಪ್ಯಾಕ್ ಮಾಡುವವರಲ್ಲಿ ಒಬ್ಬರಿಗೆ ತಲೆ ನರೆತಿದೆ! ಇದನ್ನು ತೆಗೀರಿ ಅಂತ ನಾನು ಮೀಟಿಂಗ್‌ನಲ್ಲಿ ಹೇಳಿದೆ. "ಹಂಗ ಬರದರ ಜಾಸ್ತಿ ಹೋಗ್ತಾವ್ರಿ" ಅಂದರು. ಹೋಗುತ್ತವೆ, ನಿಜ. ಪಾಪ ಅಂತ ಒಂದು ಸಲ ತಗೊಂಡು ಹೋಗುತ್ತಾರೆ. ರೊಟ್ಟಿ ಚೆನ್ನಾಗಿದೆ ಅಂತ ಮತ್ತೆ ಬರುವ ಗಿರಾಕಿ ಬೇಕಲ್ವಾ? ಹುಬ್ಬಳ್ಳಿಯಲ್ಲಿ ಖಡಕ್ ರೊಟ್ಟಿಗೆ ಗಿರಾಕಿ ಹುಡುಕಬೇಕಾದ ಗತಿ ಯಾರಿಗೂ ಬಂದಿಲ್ಲ. ಬೆಳಗಿನ ಪ್ರಾರ್ಥನೆ ಆದಮೇಲೆ ಶಿಶುಗೀತೆ ಹಾಡಿಸುವುದು, ಹುಟ್ಟುಹಬ್ಬಕ್ಕೆ ಕಾರ್ಟೂನ್ ಟೋಪಿ ಹಾಕಿಸುವುದು ಇವೂ ಅದೇ ಜಾತಿಯವು. ಟೀಚರ್‌ಗಳದ್ದು ಪೂರ್ತಿ ತಪ್ಪಲ್ಲ, ಅವರು ಕಲಿತ ವಿಶೇಷ ಶಿಕ್ಷಣದ ಡಿಪ್ಲೊಮಾದಲ್ಲಿ ಹೆಚ್ಚಾಗಿ ಇರುವುದು ಮಕ್ಕಳಿಗೆ ಹೇಗೆ ಕಲಿಸಬೇಕು ಅನ್ನೋದೇ. ಆದರೆ ನನ್ನ ತಮ್ಮ ಗಡ್ಡ ಮಾಡಿಕೊಳ್ಳುತ್ತಾನೆ, ಚೆಲುವೆ ಹೀರೋಯಿನ್ ಬಂದರೆ ಟಿವಿ ಸೌಂಡ್ ಜಾಸ್ತಿ ಮಾಡುತ್ತಾನೆ. ಅವನ ಕೈಲಿ ಚಪ್ಪಾಳೆ ತಟ್ಟಿಸಿ ಆನೆ ಹಾಡು ಹೇಳಿಸೋದು ನನಗಂತೂ ನೋಡಲಿಕ್ಕಾಗುವುದಿಲ್ಲ.

ಈ ಸೆಂಟರಿಗೆ ನಾನು ಪೂರ್ತಿ ಅಂಕ ಕೊಡುವುದು ಹೊರಗೆ ಕರೆದುಕೊಂಡು ಹೋಗುವುದಕ್ಕೆ. ಬೇರೆ ಕಡೆಯೂ ನೋಡಿಕೊಂಡು ಬಂದಿದ್ದೆ, ಎಲ್ಲ ಕಡೆ ಗೇಟಿಗೆ ಬೀಗ, ವ್ಯಾನಿನಲ್ಲಿ ಬಂದು ವ್ಯಾನಿನಲ್ಲಿ ಹೋಗುವುದು. ಇಲ್ಲಿ ವಾರಕ್ಕೊಮ್ಮೆ ಸಂತೆಗೆ ಹೋಗಿ ಅಡುಗೆಗೆ ಬೇಕಾದ ಕಾಯಿಪಲ್ಲೆ ಅವರೇ ತರುತ್ತಾರೆ. ನೋಟು ಕೊಟ್ಟು ಚಿಲ್ಲರೆಗೆ ಕೈ ಚಾಚಿ ನಿಲ್ಲಬೇಕು, ಅಂಗಡಿಯವರು ಟೀಚರ್ ಕೈಗೆ ಕೊಡೋಕೆ ಹೋದರೆ ಟೀಚರ್ ಕೈ ಹಿಂದೆ ಕಟ್ಟಿಕೊಂಡು ನಿಲ್ಲುತ್ತಾರೆ. ಈಗ ಆ ಕೊತ್ತಂಬರಿ ಮಾರುವ ಅಜ್ಜಿ ಇವರನ್ನೇ ಕರೆದು ಮಾತಾಡಿಸುತ್ತಾಳೆ, "ಬಾ ತಮ್ಮಾ, ಇವತ್ತ ಮೆಂತೆ ಛೊಲೋ ಐತಿ" ಅಂತ.

ಬಸ್ಸು ಕಲಿಸಿದ್ದಂತೂ ನಮ್ಮ ಮನೆಯಲ್ಲಿ ಯಾರೂ ನಂಬದ ವಿಷಯ. ನಮ್ಮ ಮನೆ ನವನಗರದ ಕಡೆ, ಸೆಂಟರ್ ವಿದ್ಯಾನಗರದ ಕಡೆ, ನಡುವೆ ಚಿಗರಿ ಅನ್ನುವ ಹುಬ್ಬಳ್ಳಿ-ಧಾರವಾಡದ ಬಿಆರ್‌ಟಿಎಸ್ ಬಸ್ಸು ಓಡುತ್ತದೆ. ಚಿಗರಿಯಲ್ಲಿ ನಿಲ್ದಾಣದ ಕಟ್ಟೆಯೂ ಬಸ್ಸಿನ ನೆಲವೂ ಒಂದೇ ಮಟ್ಟಕ್ಕಿರುವುದರಿಂದ ಮೆಟ್ಟಿಲು ಹತ್ತುವ ಭಯ ಇಲ್ಲ. ಇಂಥವರಲ್ಲಿ ಸುಮಾರು ಜನಕ್ಕೆ ಮೆಟ್ಟಿಲು ಅಂದರೆ ಕಾಲು ತಡವರಿಸುತ್ತೆ. ಆದರೆ ಅಲ್ಲಿ ಕಂಡಕ್ಟರ್ ಇರುವುದಿಲ್ಲ, ಟಿಕೆಟ್ ನಿಲ್ದಾಣದಲ್ಲೇ ತಗೊಳ್ಳಬೇಕು. ಮಾಮೂಲಿ ಸಿಟಿ ಬಸ್ಸಿನಲ್ಲಾದರೆ ಕಂಡಕ್ಟರಿಗೆ ಮುಖ ಪರಿಚಯ ಆಗಿ "ಇಳಿಯೋ ಮಾರಾಯ" ಅಂತ ಅವರೇ ಹೇಳುತ್ತಾರೆ. ಹಾಗಾಗಿ ಟೀಚರ್ ದಾರಿಯ ಗುರುತು ಕಲಿಸಿದರು. ಉಣಕಲ್ ಕೆರೆ ಕಂಡರೆ ಚೀಲ ಹೆಗಲಿಗೆ, ಬಿವಿಬಿ ಕಾಲೇಜು ಕಂಡರೆ ಎದ್ದು ಬಾಗಿಲ ಹತ್ತಿರ. ಮೊದಲು ಪಕ್ಕದಲ್ಲಿ ಕೂತು, ಆಮೇಲೆ ಎರಡು ಸೀಟು ಹಿಂದೆ ಕೂತು, ಆಮೇಲೆ ಬಸ್ಸೇ ಹತ್ತದೆ ವಿದ್ಯಾನಗರದ ನಿಲ್ದಾಣದಲ್ಲಿ ಕಾಯುತ್ತಾ. ಕಿಸೆಯಲ್ಲಿ ನಮ್ಮ ಫೋನ್ ನಂಬರ್ ಇರುವ ಕಾರ್ಡ್. ಈಗ ಒಬ್ಬನೇ ಹೋಗುತ್ತಾನೆ. ಅವ್ವ ಮಾತ್ರ ಅವನು ತಲುಪಿದ ಅಂತ ಫೋನ್ ಬರುವತನಕ ಚಹಾ ಕುಡಿಯುವುದಿಲ್ಲ, ಅದು ಬೇರೆ ಮಾತು.

ತಿಂಗಳಿಗೆ ಸ್ವಲ್ಪ ದುಡ್ಡು ಕೊಡುತ್ತಾರೆ. ಹೇಳಿಕೊಳ್ಳುವಂಥ ಮೊತ್ತ ಅಲ್ಲ, ಆದರೆ ಅವನ ಕೈಗೇ ಕೊಡುತ್ತಾರೆ. ಅರ್ಧ ಗಿರ್ಮಿಟ್ಟಿಗೆ ಹೋಗುತ್ತೆ. ಹೋಗಲಿ, ದುಡಿದ ದುಡ್ಡು.

ಆರೋಗ್ಯದ ವಿಷಯದಲ್ಲಿ ಸೆಂಟರಿನವರ ಕಣ್ಣು ಚುರುಕು. ಕೆಲವು ತಿಂಗಳ ಹಿಂದೆ ತಮ್ಮ ಕೆಲಸದಲ್ಲಿ ನಿಧಾನ ಆದ, ಮಧ್ಯಾಹ್ನ ಕೂತಲ್ಲೇ ತೂಕಡಿಸುತ್ತಿದ್ದ. ಮನೆಯಲ್ಲಿ ನಾವು ಸೋಮಾರಿತನ ಅಂದುಕೊಂಡು ಬೈಯುತ್ತಿದ್ದೆವು. ಟೀಚರ್ ಥೈರಾಯ್ಡ್ ಟೆಸ್ಟ್ ಮಾಡಿಸಿ ಅಂದರು. ಅದೇ ಆಗಿತ್ತು. ಡೌನ್ ಸಿಂಡ್ರೋಮ್ ಇರುವವರಲ್ಲಿ ಥೈರಾಯ್ಡ್ ತೊಂದರೆ ಜಾಸ್ತಿ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸುವುದು ಒಳ್ಳೆಯದು. ಕಿವಿ ಮಂದ ಆಗುವುದು, ಕಣ್ಣಿಗೆ ಪೊರೆ ಬರುವುದು ಕೂಡ ಬೇರೆಯವರಿಗಿಂತ ಬೇಗ. ನಲವತ್ತು ದಾಟಿದ ಮೇಲೆ ಮರೆವಿನ ಕಾಯಿಲೆಯೂ ಬೇಗ ಶುರುವಾಗಬಹುದು. "ಅವರು ಇರೋದೇ ಹಂಗ" ಅಂತ ಬಿಟ್ಟುಬಿಡಬೇಡಿ.

ಕಾಗದ ಪತ್ರದ ಕೆಲಸಕ್ಕೂ ಸೆಂಟರಿನವರು ಕೈ ಜೋಡಿಸುತ್ತಾರೆ. ಅಂಗವಿಕಲತೆಯ ಸರ್ಟಿಫಿಕೇಟಿಗೆ ಐಕ್ಯೂ (ಬುದ್ಧಿಮಟ್ಟದ) ಟೆಸ್ಟ್ ಅಂದರೆ ಕೆಲವರು ಹೆದರುತ್ತಾರೆ, ಇಂಗ್ಲಿಷ್ ಬರಬೇಕೇನೋ ಅಂತ. ನಮ್ಮ ಕಡೆ ಬಳಸುವ ಬಿನೆ-ಕಾಮತ್ ಪರೀಕ್ಷೆ 1934ರಷ್ಟು ಹಿಂದೆಯೇ ಕನ್ನಡ, ಮರಾಠಿ ಮಾತಾಡುವ ಮಕ್ಕಳಿಗಾಗಿ ಹೊಂದಿಸಿದ್ದು. ಧಾರವಾಡದ ಮಾನಸಿಕ ಆರೋಗ್ಯ ಸಂಸ್ಥೆ ಡಿಮ್ಹಾನ್ಸ್‌ನಲ್ಲಿ ಇದಕ್ಕೆಲ್ಲ ಮನಶ್ಶಾಸ್ತ್ರಜ್ಞರಿದ್ದಾರೆ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಬಂದ ಮೇಲೆ ನಿರಾಮಯ ಅನ್ನುವ ಆರೋಗ್ಯ ವಿಮೆ ಮಾಡಿಸಿ. ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನದು, ವರ್ಷಕ್ಕೆ 1 ಲಕ್ಷ ರೂಪಾಯಿವರೆಗೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ವಿಕಲತೆ, ಬಹುವಿಕಲತೆ ಇರುವವರಿಗೆ ಸಿಗುತ್ತೆ, ಆಸ್ಪತ್ರೆಗೆ ಸೇರದೆ ತೋರಿಸಿಕೊಂಡು ಬಂದ ಖರ್ಚು ಮತ್ತು ಥೆರಪಿಗೂ ಒಂದು ಪಾಲು ಇದೆ. ವರ್ಷ ವರ್ಷ ರಿನ್ಯೂ ಮಾಡಿಸುವುದನ್ನು ಮರೆತರೆ ಹೋಯಿತು.

ಗಾರ್ಡಿಯನ್‌ಶಿಪ್ ವಿಷಯ ಬಹಳ ಮನೆಗಳಿಗೆ ಗೊತ್ತೇ ಇಲ್ಲ. 18 ಆದ ಮೇಲೆ ಕಾನೂನಿನ ಕಣ್ಣಲ್ಲಿ ಅವರು ದೊಡ್ಡವರು, ಹೆತ್ತವ್ವ ಕೂಡ ಅವರ ಪರವಾಗಿ ಸಹಿ ಮಾಡುವಂತಿಲ್ಲ. 1999ರ ನ್ಯಾಷನಲ್ ಟ್ರಸ್ಟ್ ಕಾಯ್ದೆ ಪ್ರಕಾರ ಜಿಲ್ಲಾಧಿಕಾರಿ ಇರುವ ಸ್ಥಳೀಯ ಸಮಿತಿಗೆ ಅರ್ಜಿ ಹಾಕಿ ಕಾನೂನುಬದ್ಧ ಪಾಲಕರ ಪ್ರಮಾಣಪತ್ರ ತಗೊಳ್ಳಬೇಕು. ನಾವು ತಗೊಂಡು ಹೋದರೆ ಬ್ಯಾಂಕಿನವರು ಕೋರ್ಟಿನಿಂದ ತನ್ನಿ ಅಂದರು. ಈ ಪ್ರಮಾಣಪತ್ರ ಒಪ್ಪಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ, ಅದರ ಪ್ರತಿ ಸೆಂಟರಿನಲ್ಲೇ ಇತ್ತು. ಮುಂದಿಟ್ಟ ಮೇಲೆ ಸುಮ್ಮನಾದರು.

ಅಪ್ಪ ರೈಲ್ವೆ ವರ್ಕ್‌ಶಾಪಿನಲ್ಲಿ ಇದ್ದವರು. ಹುಬ್ಬಳ್ಳಿಯಲ್ಲಿ ರೈಲ್ವೆ ಮನೆಗಳು ಬಹಳ ಇರುವುದರಿಂದ ಇದನ್ನೂ ಹೇಳುತ್ತೇನೆ. ದುಡಿದು ಬದುಕಲು ಆಗದ ವಿಕಲತೆ ಇರುವ ಮಗ ಮಗಳಿಗೆ ತಂದೆ ತಾಯಿ ಹೋದ ಮೇಲೆ ಕುಟುಂಬ ಪಿಂಚಣಿ ಜೀವನಪೂರ್ತಿ ಸಿಗುತ್ತೆ. ಪಿಪಿಒದಲ್ಲಿ (ಪಿಂಚಣಿಯ ಆದೇಶ ಪತ್ರದಲ್ಲಿ) ಹೆಸರು ಈಗಲೇ ಸೇರಿಸಿ, ಆಮೇಲೆ ಓಡಾಡುವವರು ಯಾರು? ಸೆಂಟರಿನಲ್ಲಿ ನಾಲ್ಕು ಕಾಸು ಬಂದರೆ ಈ ಪಿಂಚಣಿ ಹೋಗುತ್ತೆ ಅಂತ ಒಬ್ಬ ತಾಯಿ ಮಗಳಿಗೆ ಕೊಟ್ಟ ದುಡ್ಡು ವಾಪಸ್ ಕೊಟ್ಟಿದ್ದರು. ಹಾಗೇನಿಲ್ಲ. 2021ರಲ್ಲಿ ಆದಾಯದ ಮಿತಿ ಸಡಿಲಿಸಿದ್ದಾರೆ, ಬೇರೆ ಆದಾಯವನ್ನು ಬರಬೇಕಾದ ಪಿಂಚಣಿಯ ಜೊತೆ ಹೋಲಿಸಿ ನೋಡುತ್ತಾರೆ. ರೊಟ್ಟಿ ಪ್ಯಾಕ್ ಮಾಡಿದ ದುಡ್ಡು ಅದರ ಹತ್ತಿರಕ್ಕೂ ಬರುವುದಿಲ್ಲ.

ಇನ್ನು ನನ್ನ ದೊಡ್ಡ ತಕರಾರು. ಸೇರಿಸಿಕೊಳ್ಳುವಾಗಲೇ ಕೇಳುತ್ತಾರೆ: ತಾನೇ ಟಾಯ್ಲೆಟ್‌ಗೆ ಹೋಗ್ತಾನಾ? ಹೊಡೀತಾನಾ? ಫಿಟ್ಸ್ ಬರುತ್ತಾ? ಒಂದಕ್ಕೆ ತಪ್ಪು ಉತ್ತರ ಬಂದರೂ "ಸದ್ಯಕ್ಕ ಜಾಗ ಇಲ್ಲರಿ". ನನ್ನ ತಮ್ಮ ಪಾಸಾದ. ಅದೇ ದಿನ ಬಂದಿದ್ದ ಒಬ್ಬ ಆಟಿಸಂ ಇರುವ ಹುಡುಗ, ಎತ್ತರದ ಆಳು, ಗದ್ದಲಕ್ಕೆ ಕಿವಿ ಮುಚ್ಚಿಕೊಂಡು ತಲೆ ಚಚ್ಚಿಕೊಳ್ಳುತ್ತಿದ್ದ. ಅವನ ತಂದೆ ಕುಂದಗೋಳದಿಂದ ಕರೆದುಕೊಂಡು ಬಂದಿದ್ದರು, ವಾಪಸ್ ಹೋದರು. ಯಾರಿಗೆ ನೆರವು ಜಾಸ್ತಿ ಬೇಕೋ ಅವರಿಗೇ ಗೇಟು ಮುಚ್ಚಿದರೆ ಇದು ಎಂಥ ಸೇವೆ? ಆಯಾ ಇಲ್ಲ, ಜನ ಸಾಲುವುದಿಲ್ಲ ಅನ್ನುತ್ತಾರೆ, ಅದು ನಿಜವೇ. ಇಬ್ಬರು ಟೀಚರ್ ಸರ್ಕಾರಿ ಅನುದಾನದ ಶಾಲೆಯಲ್ಲಿ ಕೆಲಸ ಸಿಕ್ಕಿತು ಅಂತ ನಡುವೆಯೇ ಬಿಟ್ಟುಹೋದರು. ಆದರೆ ಡಿಸೆಂಬರ್ 3ರ ವಿಶ್ವ ಅಂಗವಿಕಲರ ದಿನಕ್ಕೆ ಶಾಮಿಯಾನ, ಶಾಲು, ಫೋಟೋ ಎಲ್ಲದಕ್ಕೂ ದಾನಿಗಳು ಸಿಗುತ್ತಾರೆ. ಒಬ್ಬ ಆಯಾಳ ಸಂಬಳಕ್ಕೆ ಸಿಗುವುದಿಲ್ಲ.

ಮೂರೂವರೆಗೆ ಬಾಗಿಲು ಹಾಕುತ್ತಾರೆ. ನಾನು ಕೆಲಸ ಮುಗಿಸಿ ಬರುವುದು ಆರೂವರೆಗೆ. ಅವ್ವನಿಗೆ ಆಪರೇಷನ್ ಆದಾಗ ಎರಡು ರಾತ್ರಿ ಇವನನ್ನು ಇಟ್ಟುಕೊಳ್ಳುವವರು ಊರಲ್ಲಿ ಎಲ್ಲೂ ಸಿಗಲಿಲ್ಲ, ಕೊನೆಗೆ ಗದಗದಿಂದ ಕಾಕಾ ಬಂದು ಕೂತರು. ಸ್ವಲ್ಪ ದಿನ ಇಟ್ಟುಕೊಳ್ಳಲಿಕ್ಕೆ ಸಮರ್ಥ, ದೊಡ್ಡವರು ಕಾಯಂ ಇರಲಿಕ್ಕೆ ಘರೌಂದಾ ಅಂತ ನ್ಯಾಷನಲ್ ಟ್ರಸ್ಟ್‌ನಲ್ಲಿ ಯೋಜನೆಗಳಿದ್ದವು, ಈಗ ಎರಡನ್ನೂ ಸೇರಿಸಿ ಒಂದೇ ಮಾಡಿದ್ದಾರೆ. ಇಂಥದ್ದೊಂದನ್ನು ಇಲ್ಲಿ ಮಾಡೋಣ ಅಂತ ಪಾಲಕರು ಸೇರಿ ಸೆಂಟರ್ ನಡೆಸುವ ಟ್ರಸ್ಟಿಗೆ ಬರೆದುಕೊಟ್ಟಿದ್ದೇವೆ. ನೋಡೋಣ ಅಂದಿದ್ದಾರೆ. ಆ "ನೋಡೋಣ" ಎಷ್ಟು ವರ್ಷದ್ದೋ.

ನನ್ನ ಲೆಕ್ಕದಲ್ಲಿ ಐದಕ್ಕೆ ಮೂರೂವರೆ. ನಡೆದಾಡುವ, ತಮ್ಮ ಕೆಲಸ ತಾವು ಸ್ವಲ್ಪ ಮಾಡಿಕೊಳ್ಳುವ ಮಕ್ಕಳಿದ್ದವರು ಇಂಥ ಸೆಂಟರಿಗೆ ಕಣ್ಣು ಮುಚ್ಚಿ ಸೇರಿಸಬಹುದು. ಜಾಸ್ತಿ ನೋಡಿಕೊಳ್ಳಬೇಕಾದವರಿದ್ದರೆ ಆಯಾ ಇದ್ದಾರಾ ಅಂತ ಫೋನಿನಲ್ಲೇ ಕೇಳಿ, ಸುಮ್ನೆ ಅಷ್ಟು ದೂರದಿಂದ ಕರೆದುಕೊಂಡು ಬರಬೇಡಿ. ಹಳ್ಳಿಯವರಾದರೆ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ (ಅಂಗವಿಕಲರಿಗಾಗಿ ಇರುವ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು) ಅಂತ ಒಬ್ಬರಿರುತ್ತಾರೆ, ಕಾರ್ಡು ಪಿಂಚಣಿಗೆ ಮೊದಲು ಅವರನ್ನು ಹಿಡಿಯಿರಿ. ನೋಡಲಿಕ್ಕೆ ಹೋಗುವವರು ಕಾರ್ಯಕ್ರಮ ಇಲ್ಲದ ದಿನ, ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಹೋಗಿ. ಟಾಯ್ಲೆಟ್ಟಿಗೆ ಒಳಗಿನಿಂದ ಚಿಲಕ ಇದೆಯಾ ನೋಡಿ, ನಮ್ಮಲ್ಲಿ ಹೇಳಿ ಹೇಳಿ ಹಾಕಿಸಿದ್ದು. ನಿಮ್ಮ ಮಗನನ್ನೋ ಮಗಳನ್ನೋ ಕರೆದುಕೊಂಡೇ ಹೋಗಿ, ಅವರ ಹೆಸರೇನು, ಏನು ಇಷ್ಟ ಅಂತ ಅಲ್ಲಿಯವರು ಅವರನ್ನೇ ಕೇಳುತ್ತಾರಾ, ನಿಮ್ಮನ್ನು ಕೇಳುತ್ತಾರಾ ಗಮನಿಸಿ. ಫೀಸು ಮನೆಯ ಆದಾಯ ನೋಡಿ ಹೇಳುತ್ತಾರೆ, ಚೌಕಾಸಿಗೆ ಬೇಜಾರು ಮಾಡಿಕೊಳ್ಳುವುದಿಲ್ಲ. ವ್ಯಾನಿಗೆ ಮಾತ್ರ ಬೇರೆ ದುಡ್ಡು, ಅದೂ ಹಳೇ ಹುಬ್ಬಳ್ಳಿ ಕಡೆ ಸದ್ಯಕ್ಕೆ ಬರುವುದಿಲ್ಲ.