ಬೆಟ್ಟಕ್ಕೆ ಬುತ್ತಿ: ಎಲೆ ಪೊಟ್ಟಣವೋ, ಕ್ಯಾರಿಯರೋ, 1,450 ರೂಪಾಯಿ ಡಬ್ಬಿಯೋ

ಮೊದಲೇ ಹೇಳಿಬಿಡುತ್ತೇನೆ. ನನ್ನ ಓಟು ಬಾಳೆ ಎಲೆಗೆ. 1,450 ರೂಪಾಯಿ ಕೊಟ್ಟು ತಂದ ಬಿಸಿಡಬ್ಬಿ ಈಗ ಅಟ್ಟದ ಮೇಲಿದೆ, ನೀರು ತುಂಬುವ ಹಬ್ಬಕ್ಕೊಮ್ಮೆ ಕೆಳಗಿಳಿಯುವ ತಾಮ್ರದ ಹಂಡೆಯ ಪಕ್ಕ. ಸ್ಟೀಲ್ ಕ್ಯಾರಿಯರ್ ಇನ್ನೂ ಕೆಲಸದಲ್ಲಿದೆ, ಆದರೆ ನಾನು ಒಬ್ಬಳೇ ಹೊರಟಾಗ ಅಲ್ಲ.

ಊರು ಸುತ್ತಿ ಬರೆಯುವುದು ನನ್ನ ಹೊಟ್ಟೆಪಾಡು. ಮನೆ ಮೈಸೂರಿನಲ್ಲಿ. ಕೈಯಲ್ಲಿ ದೊಡ್ಡ ಕೆಲಸ ಇಲ್ಲದ ವಾರ ಸ್ಕೂಟರ್ ಹತ್ತಿ ಮಂಡ್ಯದ ಕಡೆಗೆ ಹೊರಡುತ್ತೇನೆ. ಕರಿಘಟ್ಟ, ಕುಂತಿಬೆಟ್ಟ, ಮೇಲುಕೋಟೆ, ಹೀಗೆ. ಐದು ಗಂಟೆಗೆ ಮನೆ ಬಿಟ್ಟರೆ ಎಂಟೂವರೆ, ಒಂಬತ್ತಕ್ಕೆಲ್ಲ ಹೊಟ್ಟೆ ತಾಳ ಹಾಕುತ್ತದೆ. ಬಿಸ್ಕತ್ತು ಕಡಿದುಕೊಂಡು ಪ್ರಕೃತಿ ಹೊಗಳುವುದು ನನ್ನ ಕೈಲಾಗದು. ಬೆಟ್ಟದ ತುದಿಯಲ್ಲಿ ಕೂತು ಸರಿಯಾದ ಊಟ ಆಗಬೇಕು. ಚಾಮುಂಡಿ ಬೆಟ್ಟಕ್ಕಾದರೆ ಬುತ್ತಿ ಬೇಕಿಲ್ಲ. ಸಾವಿರ ಮೆಟ್ಟಿಲು ಹತ್ತಿ, ನಡುವೆ ನಂದಿಗೆ ಕೈಮುಗಿದು, ಇಳಿದು ಬಂದರೆ ಊರೊಳಗೆ ಬೆಣ್ಣೆ ದೋಸೆ ಕಾಯುತ್ತಿರುತ್ತದೆ. ಉಳಿದ ಕಡೆ ಆ ಭಾಗ್ಯ ಇಲ್ಲ.

ಡಬ್ಬಿ ತಂದಿದ್ದು ಆಸೆಯಿಂದಲೇ. ಎರಡು ಸ್ಟೀಲ್ ಗೋಡೆ, ನಡುವೆ ನಿರ್ವಾತ, ಆರು ಗಂಟೆ ಬಿಸಿ ಆರುವುದಿಲ್ಲ ಎಂಬ ಮಾತು. ಬೆಟ್ಟದ ಮೇಲೆ ಬಿಸಿ ಬಿಸಿ ಬಸ್ಸಾರು ಅನ್ನ ಉಣ್ಣುವ ಕನಸು ಕಟ್ಟಿಕೊಂಡು ಮೊದಲ ಸಲವೇ ಅದನ್ನು ಕುಂತಿಬೆಟ್ಟಕ್ಕೆ ಒಯ್ದೆ. ಪಾಂಡವಪುರದ ಪಕ್ಕದ ಬಂಡೆ ಬೆಟ್ಟ ಅದು. ಊರಿನ ಹಳೆಯ ಹೆಸರು ಹಿರೋಡೆ. ಹೈದರ್, ಟಿಪ್ಪು ಕಾಲದಲ್ಲಿ ಫ್ರೆಂಚ್ ಸೈನಿಕರು ಅಲ್ಲಿ ಬೀಡು ಬಿಟ್ಟಿದ್ದರು, ಅದಕ್ಕೇ ಇಂಗ್ಲಿಷರು ಫ್ರೆಂಚ್ ರಾಕ್ಸ್ ಅನ್ನುತ್ತಿದ್ದರು. ಜೊತೆಗೆ ಮಂಡ್ಯದ ಗೆಳತಿ ಬಂದಿದ್ದಳು.

ಬೆಳಗ್ಗೆ ನಾಲ್ಕೂವರೆಗೆ ಎದ್ದು ಅನ್ನ ಮಾಡಿ, ಹುರುಳಿಕಾಳಿನ ಬಸ್ಸಾರು ಕುದಿಸಿ, ಕಲಸಿ, ಹೊಗೆಯಾಡುತ್ತಿದ್ದ ಹಾಗೇ ಡಬ್ಬಿಗೆ ಸುರಿದಿದ್ದೆ. ಚೆಲ್ಲಬಾರದಲ್ಲ, ಮುಚ್ಚಳವನ್ನು ಇದ್ದ ಶಕ್ತಿಯೆಲ್ಲ ಹಾಕಿ ತಿರುಗಿಸಿದ್ದೆ. ತಪ್ಪಾಗಿದ್ದು ಅಲ್ಲೇ.

ಮೇಲೆ ಹತ್ತಿ, ನೆರಳು ನೋಡಿ ಕೂತು, ಮುಚ್ಚಳ ತಿರುಗಿಸಿದೆ. ಅಲ್ಲಾಡಲಿಲ್ಲ. ಕೈ ಬೆವರಿದೆ ಅಂದುಕೊಂಡು ಟವೆಲ್ ಸುತ್ತಿ ತಿರುಗಿಸಿದೆ. ಇಲ್ಲ. ಗೆಳತಿ ಡಬ್ಬಿಯನ್ನು ಮೊಣಕಾಲ ಮಧ್ಯೆ ಸಿಕ್ಕಿಸಿಕೊಂಡು ಕೂತಳು, ನಾನು ಎರಡೂ ಕೈಯಲ್ಲಿ ಮುಚ್ಚಳ ಹಿಡಿದೆ. ಡಬ್ಬಿಯ ಜೊತೆ ಅವಳೇ ತಿರುಗಿದಳು. ಸ್ಕೂಟರ್ ಕೀಲಿಯನ್ನು ಅಂಚಿಗೆ ತೂರಿಸಿ ಮೀಟಿದೆ, ಕೀಲಿ ಬಾಗುವ ಹಾಗಾಯಿತು. ಬಂಡೆಗೆ ಸುಮ್ನೆ ತಟ್ಟಿದೆ, ಆಮೇಲೆ ಸಿಟ್ಟಿನಿಂದ ತಟ್ಟಿದೆ. ಆ ಗುಳಿ ಇವತ್ತಿಗೂ ಇದೆ. ಕುರಿ ಹೊಡೆದುಕೊಂಡು ಬಂದ ಅಜ್ಜನೊಬ್ಬ ಇಸಿದುಕೊಂಡು ಒಂದು ಕೈ ನೋಡಿದ. ‘ವೆಲ್ಡಿಂಗ್ ಮಾಡ್ಸಿದ್ದೀರೇನವ್ವಾ?’ ಅಂತ ಕೇಳಿ ವಾಪಸ್ ಕೊಟ್ಟು ಹೋದ.

ಕಿವಿ ಹತ್ತಿರ ಹಿಡಿದು ಅಲ್ಲಾಡಿಸಿದರೆ ಒಳಗೆ ಬಸ್ಸಾರು ಗುಳುಗುಳು ಅನ್ನುತ್ತಿತ್ತು. ಆ ಸದ್ದು ಕೇಳಿದ ಮೇಲೆ ಹಸಿವು ಇನ್ನೂ ಜಾಸ್ತಿ ಆಯಿತು.

ಅಲ್ಲಿ ನಮ್ಮನ್ನು ಉಳಿಸಿದ್ದು ಗೆಳತಿಯ ಅಮ್ಮ. ‘ಇರಲಿ’ ಅಂತ ಮಗಳ ಚೀಲಕ್ಕೆ ಒಂದು ಎಲೆ ಪೊಟ್ಟಣ ತುರುಕಿದ್ದರು. ಬಾಳೆಪಟ್ಟೆ ನಾರಿನ ಗಂಟು. ಎಳೆದ ಕೂಡಲೇ ಬಿಚ್ಚಿತು. ಒಳಗೆ ಪುಳಿಯೋಗರೆ, ಮೂಲೆಯಲ್ಲಿ ನಾಲ್ಕು ಬಾಳಕದ ಮೆಣಸಿನಕಾಯಿ. ಒಬ್ಬಳ ಪಾಲನ್ನು ಇಬ್ಬರೂ ಹಂಚಿಕೊಂಡು, ಎಲೆಗೆ ಅಂಟಿದ ಕೊನೆಯ ಕಡಲೆಕಾಯಿ ಬೀಜದವರೆಗೂ ಬಿಡದೆ ತಿಂದೆವು.

ಮಧ್ಯಾಹ್ನ ಮನೆಗೆ ಬಂದ ಮೇಲೆ ಅತ್ತೆ ಡಬ್ಬಿಯನ್ನು ಒಂದು ಸಲ ನೋಡಿದರು. ಮುಚ್ಚಳದ ಮೇಲೆ ಎರಡು ಲೋಟ ಬಿಸಿನೀರು ಸುರಿದು ತಿರುಗಿಸಿದರು. ಟಪ್ ಅಂತ ಬಿಟ್ಟಿತು. ಒಳಗಿನಿಂದ ಹಬೆ ಎದ್ದಿತು! ಬಿಸಿ ಆರುವುದಿಲ್ಲ ಎಂಬ ಮಾತು ನಿಜವೇ ಆಗಿತ್ತು.

ಆಗಿದ್ದು ಇಷ್ಟೇ. ಹಬೆಯ ಸಮೇತ ಬಿಗಿಯಾಗಿ ಮುಚ್ಚಿದರೆ, ಸ್ವಲ್ಪ ಆರಿದ ಕೂಡಲೇ ಆ ಹಬೆ ನೀರಾಗುತ್ತದೆ. ಒಳಗೆ ಒತ್ತಡ ಇಳಿಯುತ್ತದೆ, ಹೊರಗಿನ ಗಾಳಿ ಮುಚ್ಚಳವನ್ನು ಒತ್ತಿ ಹಿಡಿಯುತ್ತದೆ. ಮುಚ್ಚುವ ಮುಂಚೆ ಒಂದೆರಡು ನಿಮಿಷ ಹಬೆ ಹೋಗಲು ಬಿಡಬೇಕು, ಮೇಲೆ ಬೆರಳಗಲ ಜಾಗ ಇರಬೇಕು, ಕೈಬಿಗಿಗಿಂತ ಜಾಸ್ತಿ ಬಿಗಿ ಮಾಡಬಾರದು. ಗಾಳಿ ಬಿಡುವ ಗುಂಡಿ ಇರುವ ಮುಚ್ಚಳಗಳೂ ಸಿಗುತ್ತವೆ. ಕೊಳ್ಳುವುದಾದರೆ ಅದನ್ನೇ ಕೊಳ್ಳಿ. ನನ್ನದಕ್ಕೆ ಗುಂಡಿ ಇಲ್ಲ.

ಇನ್ನೊಂದು ಅವಕಾಶ ಕೊಟ್ಟು ನೋಡೋಣ ಅಂತ ಮೇಲುಕೋಟೆಗೆ ಅದರಲ್ಲೇ ಮೊಸರನ್ನ ಒಯ್ದೆ. ಕಲ್ಯಾಣಿ ನೋಡಿ, ಯೋಗನರಸಿಂಹನ ಬೆಟ್ಟ ಹತ್ತಿ, ತೆರೆದೆ. ಈ ಸಲ ಮುಚ್ಚಳ ಮರ್ಯಾದೆಯಿಂದ ಬಂತು, ಆದರೆ ಮೊಸರನ್ನ ಹುಳಿ ಹಿಡಿದಿತ್ತು. ತಪ್ಪು ಮತ್ತೆ ನನ್ನದೇ ಅನ್ನಿ. ಉಗುರು ಬೆಚ್ಚಗಿದ್ದ ಅನ್ನಕ್ಕೆ ಮೊಸರು ಕಲಸಿ ಬಿಸಿಡಬ್ಬಿಯಲ್ಲಿ ಇಟ್ಟರೆ ಹೆಪ್ಪು ಹಾಕಿದ ಹಾಗೇ ಅಲ್ವಾ? ಒಳಗಿನ ಬೆಚ್ಚಗೆ ಹಾಗೇ ಉಳಿಯುತ್ತದೆ, ಮೊಸರು ತನ್ನ ಕೆಲಸ ತಾನು ಮಾಡುತ್ತದೆ. ಇಂಥ ಡಬ್ಬಿಗೆ ಪೂರ್ತಿ ಬಿಸಿ ಆಗಬೇಕು, ಇಲ್ಲವೇ ಪೂರ್ತಿ ತಣ್ಣಗೆ ಆಗಬೇಕು. ಅರೆಬರೆ ಅದಕ್ಕೆ ಆಗದು. ಬಾಯಿ ಬೇರೆ ಕಿರಿದು, ಮುದ್ದೆ ಇಡೀ ಹೋಗುವುದಿಲ್ಲ. ಮುದ್ದೆಯನ್ನು ಮುರಿದು ತುಂಬುವ ಪಾಪ ನಾನು ಮಾಡಲಾರೆ.

ಇನ್ನು ಸ್ಟೀಲ್ ಕ್ಯಾರಿಯರ್. ಮೂರು ಅಂತಸ್ತಿನದು, ತವರುಮನೆಯಿಂದ ಬಂದದ್ದು, ಖರ್ಚಿಲ್ಲ. ನಾಲ್ಕು ಜನ ಕೂಡಿ ಕರಿಘಟ್ಟಕ್ಕೆ ಹೋದರೆ ಇದಕ್ಕಿಂತ ಒಳ್ಳೆಯದಿಲ್ಲ. ಲೋಕಪಾವನಿ ಕಾವೇರಿಗೆ ಸೇರುವ ಕಡೆ ಮುಖ ಮಾಡಿ ಕೂತು, ಅಂತಸ್ತು ಬಿಡಿಸಿ ಸಾಲಾಗಿ ಇಟ್ಟರೆ ಮದುವೆ ಮನೆ ಪಂಕ್ತಿಯ ಹಾಗೆ ಕಾಣುತ್ತದೆ. ಸಾರು ಯಾವತ್ತೂ ಕೆಳಗಿನ ಅಂತಸ್ತಿಗೇ ಇರಲಿ. ಒಂದು ಸಲ ಮೇಲೆ ಇಟ್ಟಿದ್ದೆ. ಶ್ರೀರಂಗಪಟ್ಟಣ ದಾಟುವಷ್ಟರಲ್ಲಿ ಹಂಪ್ ಒಂದಕ್ಕೆ ಕ್ಲಿಪ್ ಬಿಟ್ಟುಕೊಂಡು, ಕೆಳಗಿದ್ದ ಪಲ್ಯ, ಅನ್ನ, ನನ್ನ ಚಪ್ಪಲಿ ಎಲ್ಲಕ್ಕೂ ಸಾರಿನ ಅಭಿಷೇಕ ಆಯಿತು. ಒಬ್ಬಳೇ ಹತ್ತುವಾಗ ಅದರ ಕಿಣಿಕಿಣಿ ಸದ್ದೂ ಬೇಡ, ಕೋತಿಗಳಿಗೆ ಕರೆಗಂಟೆ ಇದ್ದ ಹಾಗೆ.

ಎಲೆಯ ವಿಷಯಕ್ಕೆ ಬರೋಣ. ದೇವರಾಜ ಮಾರ್ಕೆಟ್ಟಿನಲ್ಲಿ ಹಿಂದಿನ ಸಂಜೆಯೇ ತಂದಿಟ್ಟುಕೊಳ್ಳುತ್ತೇನೆ. ಮಧ್ಯದ ದಂಟನ್ನು ಚಾಕುವಿನಿಂದ ಕೆತ್ತಿ ತೆಳ್ಳಗೆ ಮಾಡಬೇಕು. ಆಮೇಲೆ ಸಣ್ಣ ಉರಿಯ ಮೇಲೆ ನಿಧಾನವಾಗಿ ಆಡಿಸಬೇಕು. ಬಣ್ಣ ಗಾಢವಾಗಿ, ಮೈ ಎಣ್ಣೆ ಸವರಿದ ಹಾಗೆ ಹೊಳೆಯುತ್ತದೆ. ಬೆಂಕಿ ಹೋದ ದಾರಿ ಕಣ್ಣಿಗೇ ಕಾಣುತ್ತದೆ. ಹಾಗೆ ಬಾಡಿದ ಎಲೆ ಬಟ್ಟೆಯಂತೆ ಮಡಚಿಕೊಳ್ಳುತ್ತದೆ. ಬಾಡಿಸದ ಎಲೆ ಮೊದಲ ಮಡಿಕೆಗೇ ಚರ್ರ್ ಅನ್ನುತ್ತದೆ. ಎಲೆ ಸೀಳುವುದು ಯಾವಾಗಲೂ ನರದ ಗುಂಟವೇ. ಅದಕ್ಕೇ ಎರಡು ತುಂಡನ್ನು ಒಂದಕ್ಕೊಂದು ಅಡ್ಡಡ್ಡ ಇಡಬೇಕು. ಒಂದು ಸೀಳಿದರೂ ಇನ್ನೊಂದು ತಡೆಯುತ್ತದೆ. ಹೊರಗೆ ನ್ಯೂಸ್‌ಪೇಪರ್ ಸುತ್ತುವ ಅಭ್ಯಾಸ ನನಗೂ ಇತ್ತು, ಶಾಯಿ ಊಟಕ್ಕೆ ಹತ್ತುತ್ತದೆ ಅಂತ ಬಿಟ್ಟೆ. ಈಗ ಹಳೆಯ ಪಂಚೆಯ ತುಂಡು.

ಪುಳಿಯೋಗರೆ ಕಟ್ಟುವುದಾದರೆ ಅನ್ನವನ್ನು ತಟ್ಟೆಗೆ ಹರಡಿ ಆರಿಸಿಯೇ ಗೊಜ್ಜು ಕಲಸಿ. ಬಿಸಿಯಲ್ಲಿ ಕಟ್ಟಿದರೆ ಎಲೆ ಬೆವರುತ್ತದೆ, ಅನ್ನ ಬೇಗ ಹಳಸುತ್ತದೆ. ಹುಣಸೆಹುಳಿ, ಎಣ್ಣೆ ಎರಡೂ ಇರುವುದರಿಂದ ಮಧ್ಯಾಹ್ನದವರೆಗೆ ಚಿಂತೆ ಇಲ್ಲ. ಮೊಸರನ್ನಕ್ಕೆ ಹಾಲೇ ಜಾಸ್ತಿ, ಮೊಸರು ಒಂದು ಚಮಚ. ತಿನ್ನುವ ಹೊತ್ತಿಗೆ ಹದ ಬರುತ್ತದೆ. ಎಲೆಯಲ್ಲಿ ಸಾರು ಹೋಗುವುದಿಲ್ಲ, ನಿಜ. ಊಟ ತಣ್ಣಗಿರುತ್ತದೆ, ಅದೂ ನಿಜ. ಆದರೆ ತಣ್ಣಗಿದ್ದಾಗಲೇ ರುಚಿಸುವ ಅಡುಗೆ ನಮ್ಮಲ್ಲಿ ಎಷ್ಟಿಲ್ಲ? ಆರಿದ ಪುಳಿಯೋಗರೆಗೆ ಎಲೆಯ ವಾಸನೆ ಸೇರಿದ್ದನ್ನು ತಿಂದವರೇ ಹೇಳಬೇಕು. ತಿಂದಾದ ಮೇಲೆ ಎಲೆಯನ್ನು ಬೆಟ್ಟದ ಮೇಲೆ ಬಿಸಾಡಬೇಡಿ. ನಾನು ಕೆಳಗೆ ತಂದು ಊರ ಹಸುವಿನ ಮುಂದೆ ಹಿಡಿಯುತ್ತೇನೆ.

ನೀವು ಆಫೀಸಿಗೆ ಒಯ್ಯುವವರಾದರೆ, ಬಿಸಿ ಇಲ್ಲದೆ ಅನ್ನ ಇಳಿಯದು ಅನ್ನುವವರಾದರೆ ಡಬ್ಬಿಯೇ ಸರಿ. ಮಕ್ಕಳು ಮರಿ ಕಟ್ಟಿಕೊಂಡು ಹೋಗುವವರಿಗೆ ಕ್ಯಾರಿಯರ್. ನನಗೆ ಬೆನ್ನ ಮೇಲೆ ನೀರು, ಕ್ಯಾಮೆರಾ ಎರಡೇ ಸಾಕಷ್ಟು ಭಾರ. ಖಾಲಿಯಾದ ಮೇಲೂ ಹೊತ್ತು ಇಳಿಯಬೇಕಾದದ್ದು ಬೇಡ. ಎಲೆಗೆ ಕೊಡುವ ಚಿಲ್ಲರೆ ಲೆಕ್ಕಕ್ಕೇ ಬರುವುದಿಲ್ಲ.

ಡಬ್ಬಿ ಪೂರ್ತಿ ದಂಡ ಆಗಲಿಲ್ಲ. ಮಾಗಿ ಚಳಿಗೆ ಮೈಸೂರಿನಲ್ಲಿ ಹಾಲು ಹೆಪ್ಪುಗಟ್ಟುವುದೇ ಕಷ್ಟ. ಆಗ ಅತ್ತೆ ಅದನ್ನು ಅಟ್ಟದಿಂದ ಇಳಿಸಿ ಮೊಸರು ಹಾಕುತ್ತಾರೆ, ಗಟ್ಟಿಯಾಗಿ ಬರುತ್ತದೆ. ಮುಚ್ಚಳ ಮಾತ್ರ ನನಗೆ ಹಾಕಲು ಬಿಡುವುದಿಲ್ಲ.