ಅರಮನೆ ಬಲ್ಬು ಹೊಳೆಯೋಕೆ: ವಿಡಿಯೋ ಫಿಲ್ಟರ್ರಾ, ಗೋಡೋನಾ?

ನನ್ನ ವೋಟು ಗೋಡೋಗೇ (ಗೇಮು, ತ್ರೀಡಿ ಮಾಡೋ ಸಾಫ್ಟ್‌ವೇರು), ಮೊದ್ಲೇ ಹೇಳ್ಬಿಡ್ತೀನಿ. ದಸರಾ ಟೈಮಲ್ಲಿ ಮೈಸೂರಲ್ಲಿ ಸ್ಟೇಜ್ ಎಲ್‌ಇಡಿ ವಾಲ್‌ಗೆ ಲೈವ್ ತ್ರೀಡಿ ಓಡ್ಸೋ ಕೆಲ್ಸ ನಂದು, ಅರಮನೆ ಮಾಡೆಲ್ ಸುತ್ತ ಕ್ಯಾಮೆರಾ ತಿರುಗ್ತಿರ್ಬೇಕು, ಲೈಟು ಝಗಮಗ ಅನ್ಬೇಕು, ಮೇಲೆ ದಾನಿಗಳ ಹೆಸ್ರು ಬರ್ತಿರ್ಬೇಕು. ಅದಕ್ಕೆ ಅಂತ ದುಡ್ಡು ಕೊಟ್ಟು ಒಂದು ವಿಡಿಯೋ ಎಫೆಕ್ಟ್ ಪ್ಯಾಕ್ ತಗೊಂಡೆ (ಹೆಸ್ರು ಬೇಡ ಬಿಡಿ). ತ್ರೀಡಿ ವಿಂಡೋನ ಕ್ಯಾಪ್ಚರ್ ಮಾಡಿ ಅದ್ರ ಮೇಲೆ ಗ್ಲೋ, ಬ್ಲರ್ ಎಲ್ಲಾ ಹಾಕೋದು.

ತಲೆನೋವು ಶುರುವಾಗಿದ್ದು ಗ್ಲೋನಲ್ಲಿ. ಫಿಲ್ಟರ್ ಕೈಗೆ ಸಿಗೋದು ರೆಡಿಯಾದ ಚಪ್ಪಟೆ ಚಿತ್ರ, ಒಂದೊಂದು ಬಣ್ಣಕ್ಕೂ 0ಯಿಂದ 255, ಅಷ್ಟೇ. ನಿಜವಾದ ಅರಮನೆಗೆ ಸುಮಾರು 97,000 ಬಲ್ಬು, ನನ್ನ ಮಾಡೆಲ್ಲಲ್ಲಿ ಅಷ್ಟೆಲ್ಲ ಇಲ್ಲ, ಆದ್ರೂ ಬಲ್ಬೂ 255, ಹೆಸ್ರಿನ ಬಿಳಿ ಅಕ್ಷರಾನೂ 255, ಯಾವ್ದು ಹೊಳೀಬೇಕು ಅಂತ ಅದಕ್ಕೆ ಹೆಂಗ್ರೀ ಗೊತ್ತಾಗ್ಬೇಕು? ಥ್ರೆಶೋಲ್ಡ್, ಅಂದ್ರೆ ಎಷ್ಟು ಬೆಳಕು ದಾಟಿದ್ರೆ ಹೊಳೀಬೇಕು ಅನ್ನೋ ಗಡಿ, ಇಳಿಸಿದ್ರೆ ಅಕ್ಷರ ಎಲ್ಲಾ ಹಾಲು ಚೆಲ್ಲಿದಂಗೆ ಕಲಸ್ಕೊಳುತ್ತೆ, ಏರಿಸಿದ್ರೆ ಬಲ್ಬೇ ಮಂಕು. ಕಮಿಟಿಯವ್ರು ಬಂದು "ಏನಪ್ಪಾ, ನಮ್ಮಣ್ಣನ ಹೆಸ್ರೇ ಓದೋಕಾಗ್ತಿಲ್ವಲ್ಲ" ಅಂದ್ರು. ಮಂಜಿನ ಕಥೆನೂ ಇದೇ, ಯಾವ್ದು ದೂರ ಯಾವ್ದು ಹತ್ರ ಅನ್ನೋ ಡೆಪ್ತ್ ಲೆಕ್ಕ ಫಿಲ್ಟರ್‌ಗೆ ಬರೋದೇ ಇಲ್ಲ, ಗೋಪುರದ ಹಿಂದೆ ಹಾಕೋಕೆ ಹೋದ್ರೆ ಮುಂದ್ಗಡೆ ಬಾಗಿಲ ಮೇಲೂ ಕೂತ್ಕೊಳುತ್ತೆ.

ಗೋಡೋದಲ್ಲಿ ಬಲ್ಬ್ ಮೆಟೀರಿಯಲ್‌ಗೆ ಎಮಿಷನ್ ಎನರ್ಜಿ (ತಾನೇ ಬೆಳಕು ಬಿಡೋ ಜೋರು) 4 ಕೊಟ್ಟು, ಗ್ಲೋದ ಎಚ್‌ಡಿಆರ್ ಥ್ರೆಶೋಲ್ಡ್ 1ರಲ್ಲೇ ಬಿಟ್ಟೆ. ಒಳಗಡೆ ಬೆಳಕಿನ ಲೆಕ್ಕ ಮಾಮೂಲಿ ಬಿಳಿ ಅನ್ನೋ 1ಕ್ಕಿಂತ ಮೇಲೂ ಹೋಗುತ್ತಲ್ಲ, ಅದಕ್ಕೆ ಬಲ್ಬ್ ಮಾತ್ರ ಹೊಳೀತು. ಹಳೇ ಟೀವಿ ಗೆರೆ, ಬಣ್ಣ ಜರುಗೋದು ಈ ತರ ಟೂಡಿ ಎಫೆಕ್ಟ್ ಬೇಕಂದ್ರೆ ಕ್ಯಾನ್ವಾಸ್ ಲೇಯರ್‌ನಲ್ಲಿ (ತ್ರೀಡಿ ಮೇಲೆ ಕೂರೋ ಟೂಡಿ ಪದರ) ಫುಲ್ ಸ್ಕ್ರೀನ್ ಕಲರ್‌ರೆಕ್ಟ್, ಅಂದ್ರೆ ಒಂದು ಚೌಕ, ಇಟ್ಟು, ಸ್ಕ್ರೀನ್ ಟೆಕ್ಸ್ಚರ್ (ಆಗ್ಲೇ ಪರದೆಗೆ ಬಂದಿರೋ ಚಿತ್ರ) ಓದೋ ಶೇಡರ್, ಅಂದ್ರೆ ಬಣ್ಣ ಬದಲಾಯಿಸೋ ಚಿಕ್ಕ ಕೋಡು, ಹಾಕಿದ್ರೆ ಆಯ್ತು, ಹೆಸ್ರುಗಳ್ನ ಅದಕ್ಕಿಂತ ಮೇಲಿನ ಲೇಯರ್‌ಗೆ ಹಾಕ್ಬುಟ್ರೆ ಅಕ್ಷರ ಮುಟ್ಟೋದೇ ಇಲ್ಲ.

ಟ್ರೇಲ್ಸ್, ಅಂದ್ರೆ ಹಿಂದಿನ ಫ್ರೇಮು ಬಾಲದ ತರ ಎಳ್ಕೊಂಡು ಬರೋದು, ಅದ್ರಲ್ಲಿ ಪ್ಯಾಕೇ ಗೆಲ್ಲೋದು, ಒಂದು ಕ್ಲಿಕ್. ಗೋಡೋದಲ್ಲಿ ಸಬ್‌ವ್ಯೂಪೋರ್ಟ್ (ಚಿತ್ರನ ಬೇರೆ ಕಡೆ ಬಿಡಿಸಿಡೋ ಒಳ ಪರದೆ) ಜೊತೆ ಗುದ್ದಾಡ್ಬೇಕು, ನಾನಂತೂ ಕೈಬಿಟ್ಟೆ.

ಪ್ಯಾಕ್‌ಗೆ ಅಂತ ವಿಂಡೋ ಕ್ಯಾಪ್ಚರ್ ಮಾಡೋದ್ರಲ್ಲಿ ಸ್ವಲ್ಪ ಲೇಟಾಗುತ್ತೆ, ಅರಮನೆ ತಿರುಗೋಕೆ ಪರವಾಗಿಲ್ಲ, ತಮಟೆ ಏಟಿಗೆ ಲೈಟು ಹೊಡೀಬೇಕಂದ್ರೆ ಕಣ್ಣಿಗೆ ಬೀಳುತ್ತೆ.

ಗೋಡೋ ಪೂರ್ತಿ ಫ್ರೀ, ಎಂಐಟಿ ಲೈಸೆನ್ಸು (ಯಾರು ಬೇಕಾದ್ರೂ ಬಳಸ್ಬಹುದಾದ ಓಪನ್ ಸೋರ್ಸ್ ಲೈಸೆನ್ಸು). ಪ್ಯಾಕ್‌ಗೆ ವರ್ಷ ವರ್ಷ ಕಟ್ಬೇಕು, ದಸರಾ ಬಿಟ್ರೆ ಎರಡು ಮೂರು ಆರ್ಕೆಸ್ಟ್ರಾ ಸಿಗೋ ನನಗೆ ಅದು ಗಿಟ್ಟಲ್ಲ, ರಿನ್ಯೂ ಮಾಡ್ಸಲ್ಲ. ಬೇರೆಯವ್ರು ಮಾಡಿದ ತ್ರೀಡಿ, ಪ್ರಾಜೆಕ್ಟ್ ಫೈಲ್ ಕೈಗೆ ಕೊಡಲ್ಲ ಅಂದ್ರೆ ಮಾತ್ರ ಫಿಲ್ಟರ್ ಬಿಟ್ಟು ಬೇರೆ ದಾರಿ ಇಲ್ಲ, ಆಗ ಹೆಸ್ರುಗಳ್ನ ಬೇರೆ ಸೋರ್ಸ್ ಮಾಡಿ ಫಿಲ್ಟರ್ ಹಾಕದೇ ಮೇಲೆ ಇಡಿ.