ಬೇಸ್‌ಬಾಲ್ ರೆಫರೆನ್ಸ್: 1877ರ ಲೀಗ್ ಹುಡುಕುವವರಿಗೆ ಎಷ್ಟು ಪ್ರಯೋಜನ?

ಮನೆತನಗಳೇ ತಂಡ ಕಟ್ಟಿ ಆಡುವ ಕೌಟುಂಬಿಕ ಹಾಕಿಯ ಹಳೇ ಸ್ಕೋರ್‌ಶೀಟ್ ಜೋಪಾನ ಮಾಡುವ ಕೊಡಗಿನವರಿಗೆ ಬೇಸ್‌ಬಾಲ್ ಜಾಲತಾಣದಿಂದ ಏನಾಗಬೇಕು ಅಂತ ಕೇಳಬಹುದು. ಆಟ ಬೇರೆಯಾದರೂ ಲೆಕ್ಕ ಇಡುವ ಕೆಲಸ ಒಂದೇ, ಅದರಲ್ಲಿ ಬೇಸ್‌ಬಾಲ್‌ನವರು ಪಳಗಿದ ಕೈ. ಬೇಸ್‌ಬಾಲ್ ಅಂಕಿಅಂಶಗಳ ತಾಣ 'ಬೇಸ್‌ಬಾಲ್ ರೆಫರೆನ್ಸ್' ಬಹುಪಾಲು ಉಚಿತ. ಸ್ಟ್ಯಾಟ್‌ಹೆಡ್ ಎಂಬ ಶೋಧ ಸೌಲಭ್ಯಕ್ಕೆ ಮಾತ್ರ ಚಂದಾ. ಇಲ್ಲಿ ಹೇಳುವ ಕೆಲಸಕ್ಕೆ ಆ ಚಂದಾ ಬೇಕಿಲ್ಲ.

ಇಂಥ ತಾಣವನ್ನು ಒರೆಗೆ ಹಚ್ಚಲು ದೊಡ್ಡ ಲೀಗ್ ತೆಗೆದುಕೊಂಡರೆ ಉಪಯೋಗವಿಲ್ಲ, ಅಲ್ಲಿ ಎಲ್ಲವೂ ಚೊಕ್ಕವಾಗಿಯೇ ಇರುತ್ತದೆ. ಬೇಗ ಮುಚ್ಚಿದ್ದನ್ನು ಹುಡುಕಬೇಕು: ಇಂಟರ್‌ನ್ಯಾಷನಲ್ ಅಸೋಸಿಯೇಷನ್. 1877ರ ಫೆಬ್ರವರಿಯಲ್ಲಿ ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ ಹುಟ್ಟಿ, 1880ಕ್ಕೆ ಮುಗಿದುಹೋದದ್ದು. ಇದನ್ನು ಮೊದಲ ಮೈನರ್ ಲೀಗ್, ಅಂದರೆ ದೊಡ್ಡ ಲೀಗ್‌ನ ಕೆಳಗಿನ ದರ್ಜೆಯದು, ಎನ್ನುವವರಿದ್ದಾರೆ. ಆದರೆ ಕಟ್ಟಿದವರಿಗೆ ತಾವು ಯಾರ ಕೈಕೆಳಗೂ ಇದ್ದೇವೆ ಎಂಬ ಭಾವನೆ ಇರಲಿಲ್ಲ. ಹಿಂದಿನ ವರ್ಷವಷ್ಟೇ ಶುರುವಾಗಿದ್ದ ನ್ಯಾಷನಲ್ ಲೀಗ್‌ಗೆ ಅದು ಸರಿಸಮ ಪೈಪೋಟಿ. ಹಾಗಾಗಿ 'ಮೈನರ್' ಎಂಬ ವಿಭಾಗದಲ್ಲಿ ಅದರ ಹೆಸರು ಕಂಡರೆ, ಆ ಹಣೆಪಟ್ಟಿ ಆಮೇಲೆ ಅಂಟಿಸಿದ್ದು ಅಂತ ತಿಳಿಯಿರಿ.

ಹೆಸರು ಟೈಪ್ ಮಾಡಿ ಹುಡುಕಲು ಹೋಗಬೇಡಿ. 1888ರಲ್ಲಿ ಇದೇ ಹೆಸರಿನ ಇನ್ನೊಂದು ಲೀಗ್ ಇತ್ತು, 'ಇಂಟರ್‌ನ್ಯಾಷನಲ್ ಲೀಗ್' ಎಂಬುದು ಮತ್ತೊಂದು. ಮೊದಲು ರಿಜಿಸ್ಟರ್ ವಿಭಾಗ, ಅಲ್ಲಿ ವರ್ಷ, ಆಮೇಲೆ ಲೀಗ್, ಕೊನೆಗೆ ತಂಡ: ಈ ದಾರಿಯಲ್ಲಿ ಹೋದರೆ ಎಡವುವುದು ಕಡಿಮೆ. 1879ಕ್ಕೆ ಬಂದಾಗ ಹಳೇ ಹೆಸರು ಕಾಣದಿದ್ದರೆ ಗಾಬರಿ ಬೇಡ. ಆ ಹೊತ್ತಿಗೆ ಕೆನಡಾದ ತಂಡಗಳೆಲ್ಲ ಹೊರಬಿದ್ದು, 'ಇಂಟರ್‌ನ್ಯಾಷನಲ್' ಎನ್ನಲು ಏನೂ ಉಳಿದಿರಲಿಲ್ಲ. ಹೆಸರನ್ನು ನ್ಯಾಷನಲ್ ಅಸೋಸಿಯೇಷನ್ ಎಂದು ಬದಲಿಸಿದರು.

ಊರ ಹೆಸರುಗಳೂ ಕಾಲೆಳೆಯುತ್ತವೆ. ಮೊದಲ ವರ್ಷ ಗೆದ್ದ ಟೆಕಮ್ಸೆ ತಂಡದ ಲಂಡನ್ ಇಂಗ್ಲೆಂಡಿನದಲ್ಲ, ಕೆನಡಾದ ಒಂಟಾರಿಯೊದ್ದು. ಇನ್ನೊಂದು ತಂಡದ ಊರು ಆಲಿಗೇನಿ ಆಗ ಬೇರೆಯೇ ಪಟ್ಟಣ. ಪಿಟ್ಸ್‌ಬರ್ಗ್‌ಗೆ ಸೇರಿದ್ದು 1907ರಲ್ಲಿ.

ಇನ್ನು ಅಂಕಿ. ಟೆಕಮ್ಸೆಯದು 14 ಗೆಲುವು, 4 ಸೋಲು. ಇದನ್ನು ನೋಡಿ ಆ ವರ್ಷ ಹದಿನೆಂಟೇ ಆಟ ಆಡಿದರು ಅಂದುಕೊಂಡರೆ ಕೆಟ್ಟಿತು. ಲೀಗಿನ ಸದಸ್ಯತ್ವಕ್ಕೆ ತಂಡವೊಂದು ಕಟ್ಟಬೇಕಾದದ್ದು 10 ಡಾಲರ್. ಚಾಂಪಿಯನ್‌ಷಿಪ್‌ಗೆ ಇಳಿಯುವುದಾದರೆ ಮೇಲೆ 15. ಮೊದಲ ವರ್ಷ ಚಾಂಪಿಯನ್‌ಷಿಪ್‌ಗೆ ಇಳಿದದ್ದು ಏಳೇ ತಂಡ. ಅವು ತಮ್ಮತಮ್ಮಲ್ಲಿ ಚಾಂಪಿಯನ್‌ಷಿಪ್‌ಗೆಂದು ಆಡಿದ್ದಷ್ಟೇ ಪಟ್ಟಿಗೆ ಬರುತ್ತದೆ. ಹೊಟ್ಟೆಪಾಡಿಗೆ ಆಡಿದ ಪ್ರದರ್ಶನ ಪಂದ್ಯಗಳು ಲೆಕ್ಕದ ಹೊರಗೆ. ನಮ್ಮಲ್ಲೂ ಕಪ್‌ನ ಆಟಕ್ಕೂ ಅದೇ ಮೈದಾನದ ಪ್ರದರ್ಶನ ಪಂದ್ಯಕ್ಕೂ ಒಂದೇ ಹಾಳೆ ಬಳಸಿಬಿಟ್ಟರೆ ಹತ್ತು ವರ್ಷದ ಮೇಲೆ ಇದೇ ಗೋಜಲು. ಹಾಳೆಯ ತಲೆಯಲ್ಲೇ ಯಾವ ಆಟ ಎಂದು ಬರೆಯಬೇಕು.

ಲೀಗ್ ಯಾಕೆ ಬಿತ್ತು ಎಂಬುದು ಮಾತ್ರ ಅಂಕಿಯ ಪಟ್ಟಿಯಿಂದ ತಿಳಿಯದು. ಹೊರಗಿನಿಂದ ಬಂದ ತಂಡಕ್ಕೆ 75 ಡಾಲರ್ ಖಾತರಿ, ಗೇಟಿನ ವಸೂಲಿ ಅದನ್ನು ಮೀರಿದರೆ ಮೀರಿದ್ದರಲ್ಲಿ ಅರ್ಧ. ನ್ಯೂ ಹ್ಯಾಂಪ್‌ಷೈರ್‌ನ ಮ್ಯಾಂಚೆಸ್ಟರ್‌ನಿಂದ ಒಹಾಯೊದ ಕೊಲಂಬಸ್‌ವರೆಗೆ ತಂಡ ಕಟ್ಟಿಕೊಂಡು ರೈಲಿನಲ್ಲಿ ಹೋಗಿಬರುವ ಖರ್ಚಿನ ಮುಂದೆ ಇದು ಎಷ್ಟರ ಮಾತು? ಮಳೆ ಬಂದು ಗೇಟು ಒಣಗಿದರೆ ಆ ಖಾತರಿ ಹಣಕ್ಕೆ ಕೈಯಿಂದ ಹಾಕಬೇಕಾದವರು ಊರಿನ ತಂಡದವರು. ಮೇಲಾಗಿ ಗಟ್ಟಿ ತಂಡಗಳನ್ನು ನ್ಯಾಷನಲ್ ಲೀಗ್ ಸೆಳೆದುಕೊಂಡಿತು. 1878ರಲ್ಲಿ ಗೆದ್ದ ಬಫಲೊ ಮರುವರ್ಷವೇ ಅಲ್ಲಿತ್ತು, ಸಿರಾಕ್ಯೂಸ್ ಕೂಡ. ತಂಡದ ಕೊಂಡಿ ಒತ್ತಿ ಮುಂದಿನ ವರ್ಷ ಅದು ಎಲ್ಲಿದೆ ಎಂದು ನೋಡಿದರೆ ಇಷ್ಟು ಹೊಳೆಯುತ್ತದೆ. ಹಣದ ಕಥೆಗೆ ಲೇಖನಗಳನ್ನೇ ಓದಬೇಕು.

ಆಟಗಾರರ ಪುಟಗಳೇ ಈ ತಾಣದ ಜೀವ. ಕ್ಯಾಂಡಿ ಕಮಿಂಗ್ಸ್ ಪುಟ ತೆಗೆಯಿರಿ: ಕರ್ವ್‌ಬಾಲ್‌ನ (ಗಾಳಿಯಲ್ಲೇ ಬಾಗುವ ಎಸೆತ) ಜನಕ ಎಂದು ಹೆಸರಾದ ಈತ ಅಸೋಸಿಯೇಷನ್‌ನ ಮೊದಲ ಅಧ್ಯಕ್ಷ, ಲಿನ್ ತಂಡದ ಪಿಚರ್ (ಚೆಂಡು ಎಸೆಯುವವ) ಕೂಡ. ಆದರೆ 1877ರ ಸಾಲಿನಲ್ಲಿ ಸಿನ್ಸಿನಾಟಿ ಎಂದೂ ಇದೆ, 5 ಗೆಲುವು 14 ಸೋಲು. ತಪ್ಪಾಗಿ ಮುದ್ರಿಸಿದ್ದಲ್ಲ. ಅಧ್ಯಕ್ಷಗಿರಿ ಬಿಡದೆಯೇ ಸೀಸನ್ ನಡುವೆ ಎದುರಾಳಿ ನ್ಯಾಷನಲ್ ಲೀಗ್‌ಗೆ ಹೋಗಿ ಆಡಿದ! 1878ರಲ್ಲಿ ಇದೇ ಲಿನ್‌ಗೆ ಪಿಚ್ ಮಾಡಿದ, ಕರಿಯ ಆಟಗಾರರಲ್ಲಿ ಮೊದಲ ವೃತ್ತಿಪರನೆಂದು ಎಣಿಸುವ ಬಡ್ ಫೌಲರ್‌ನ ಹುಟ್ಟುಹೆಸರು ಜಾನ್ ಜಾಕ್ಸನ್. ಎರಡು ಹೆಸರನ್ನೂ ಗುರುತಿಟ್ಟುಕೊಳ್ಳಿ.

ಆ ಕಾಲದ ದಾಖಲೆಗಳಲ್ಲಿ ಎಷ್ಟೋ ಮಂದಿಗೆ ಮನೆತನದ ಹೆಸರು ಮಾತ್ರ ಉಳಿದಿದೆ, ಸ್ವಂತ ಹೆಸರಿಲ್ಲ. ಕೊಡಗಿನ ತೊಂದರೆ ಇದರ ತಿರುಗುಮುರುಗು. ಒಕ್ಕವೇ (ಮನೆತನವೇ) ತಂಡವಾದ್ದರಿಂದ ಹಾಳೆಯಲ್ಲಿ ಬರೀ 'ಬೋಪಣ್ಣ' ಎಂದು ಗೀಚಿರುತ್ತಾರೆ. ಒಂದೇ ಒಕ್ಕದಲ್ಲಿ ಮೂವರು ಬೋಪಣ್ಣ ಇದ್ದರೆ ಗೋಲು ಯಾರದು? 1997ರಲ್ಲಿ ಕರಡದಲ್ಲಿ 60 ಒಕ್ಕಗಳಿಂದ ಶುರುವಾದ ಕೌಟುಂಬಿಕ ಹಾಕಿ ಕಪ್ 2024ರಲ್ಲಿ ನಾಪೋಕ್ಲುವಿನಲ್ಲಿ 360 ಮುಟ್ಟಿತು. ಜೆರ್ಸಿ ನಂಬರು ಬರೆಯದೆ ಗತಿಯಿಲ್ಲ.

ಮೊಬೈಲ್‌ನಲ್ಲಿ ಕೋಷ್ಟಕ ಅಗಲ, ಫೋನ್ ಅಡ್ಡ ಹಿಡಿಯಬೇಕು. ಕಾಲಮ್ಮಿನ ತಲೆ ಮುಟ್ಟಿದರೆ ಏರಿಳಿಕೆಯಲ್ಲಿ ಜೋಡಿಸಿಕೊಡುತ್ತದೆ. ಕೋಷ್ಟಕದ ಮೇಲಿನ ಹಂಚಿಕೆ (Share) ಪಟ್ಟಿಯಲ್ಲಿ ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಪಠ್ಯ) ಆಯ್ದು ಎಕ್ಸೆಲ್‌ಗೆ ಅಂಟಿಸಿಕೊಳ್ಳಬಹುದು. ಜಾಹೀರಾತು ಕಿರಿಕಿರಿ. ಐದಕ್ಕೆ ನಾಲ್ಕು ಕೊಡಬಹುದು. ಆಟಿ ತಿಂಗಳ ಮಳೆಯಲ್ಲಿ ಕರೆಂಟು, ಟವರ್ ಎರಡೂ ಹೋಗುವ ಮುಂಚೆ ಬೇಕಾದ ಪುಟ ಪಿಡಿಎಫ್ ಮಾಡಿಟ್ಟುಕೊಳ್ಳಿ.